ಶೂ ಎತ್ತದ ಕ್ರೇನ್

ಈ ಶ್ರದ್ಧಾಂಜಲಿ ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನಿಗೆ, ಅವರ ಮಗಳಿಗೆ — ನಿಮ್ಮ ಎದುರು ನಿಂತು ಮಾತಾಡುವುದು ಸುಲಭವಲ್ಲ. ಆದರೂ ನಿಂತಿದ್ದೇನೆ.

ನಮ್ಮ ಆಟಿಕೆ ಕಂಪನಿಯಲ್ಲಿ ನಾನು ಅಕ್ಕನ ಯಜಮಾನರ ಪಕ್ಕದ ಮೇಜಿನವಳು. ಅವರು ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಬ್ರಿಕ್‌ಗಳಿಂದ, ಮೋಟಾರು ಕೂಡಿಸಿ, ಕ್ರೇನು, ರೋಡ್ ರೋಲರು, ಮಣ್ಣು ಅಗೆಯುವ ಯಂತ್ರ ಎಲ್ಲವನ್ನೂ ಕಟ್ಟುತ್ತಿದ್ದರು. ಅವನ್ನು ಮಕ್ಕಳು ಮನೆಯಲ್ಲಿ ಹೇಗೆ ಕಟ್ಟಬೇಕು ಎಂದು ತೋರಿಸುವ ಚಿತ್ರಪುಸ್ತಕ ನನ್ನದು. ಪುಸ್ತಕ ಮಾಡಬೇಕಾದರೆ ಮೊದಲು ಅವರು ಕಟ್ಟಿದ್ದನ್ನು ಪೂರ್ತಿ ಬಿಚ್ಚಬೇಕು. “ಕಟ್ಟೋನು ನಾನು, ಕೆಡವೋಳು ನೀನು. ಒಳ್ಳೇ ಜೋಡಿ ಬಿಡಮ್ಮ” ಎನ್ನುತ್ತಿದ್ದರು. ಆಟಿಕೆ ಪರೀಕ್ಷೆಗೆ ಬರುವ ಮಕ್ಕಳು ಅವರನ್ನು ‘ಕ್ರೇನ್ ಮಾವ’ ಎನ್ನುತ್ತಿದ್ದರು. ಕೇಳಿ ಕೇಳಿ ನಮ್ಮ ಬಾಯಿಗೂ ಅದೇ ಬಂತು.

ನನಗಿಂತ ಮೊದಲು ಮಾತಾಡಿದ ಹಿರಿಯರು ಕ್ರೇನ್ ಮಾವನನ್ನು ಕಂಪನಿಯ ಆಧಾರಸ್ತಂಭ ಎಂದರು. ಒಳ್ಳೆಯ ಮಾತು. ಆದರೆ ನಾನು ಮಾತಾಡಬೇಕಾಗಿರುವುದು ಆಧಾರವನ್ನು ತೆಗೆದುಹಾಕಿದ್ದರ ಬಗ್ಗೆ. ಕ್ಷಮಿಸಿ — ಅಲ್ಲ, ಕ್ಷಮಿಸಿ ಎನ್ನುವುದಿಲ್ಲ. ಕೇಳಿಸಿಕೊಳ್ಳಿ.

ಅವರು ಕೆಲಸ ಮಾಡುತ್ತಿದ್ದ ರೀತಿ ನಿಮ್ಮಲ್ಲಿ ಎಲ್ಲರಿಗೂ ಗೊತ್ತಿಲ್ಲ. ಹೊಸ ಮಾದರಿಯ ಮೋಟಾರು ಮೊದಲ ಸಲ ಓಡುವಾಗ ಅವರು ಅದನ್ನು ನೋಡುತ್ತಿರಲಿಲ್ಲ. ಕೇಳುತ್ತಿದ್ದರು. “ಶ್!” ಎಂದರೆ ಮುಗಿಯಿತು. ಫ್ಯಾನು ಆರಬೇಕು. ಕಂಪ್ಯೂಟರಿನ ಮೇಲೆ ಬೆರಳು ಆಡಬಾರದು. ಟೀ ತಂದವನು ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಲ್ಲಬೇಕು. ಅವರು ಕಣ್ಣು ಮುಚ್ಚಿ, ಹೀಗೆ — ಕಿವಿಯನ್ನು ಮೇಜಿಗೆ ಒತ್ತಿ ಕೇಳುತ್ತಿದ್ದರು. ಒಮ್ಮೆ ನಮ್ಮ ನಿರ್ದೇಶಕರೇ ಫೋನಿನಲ್ಲಿ ಮಾತಾಡುತ್ತಾ ಒಳಗೆ ಬಂದರು. ಇವರು ಕಣ್ಣು ಬಿಡದೆ, “ಯಾರಪ್ಪಾ ಅದು? ಹೊರಗಡೆ ಹೋಗಿ ಮಾತಾಡು” ಎಂದರು. ನಿರ್ದೇಶಕರು ಹೋದರು! ನಗಬಹುದು, ಸರ್. ಆಗ ನೀವೂ ನಕ್ಕಿದ್ದಿರಿ.

ಇನ್ನೊಂದು ವಿಷಯ, ಶೂ. ಮಗಳು ಚಿಕ್ಕವಳಿದ್ದಾಗ ಅವರು ಒಂದು ಕ್ರೇನನ್ನು ಮನೆಗೆ ಒಯ್ದರಂತೆ. ಮಗಳು ತಾನೇ ಕೂತು ಕಟ್ಟಿದಳು. ಕಟ್ಟಿ, ಕೊಕ್ಕೆಗೆ ತನ್ನ ಕಾಲಿನ ಶೂ ತೂಗುಹಾಕಿದಳು. ಕ್ರೇನು ಎತ್ತಲಿಲ್ಲ. ಒಳಗಿನ ಗೇರಿನ ಹಲ್ಲುಗಳು ಜಾರಿ ಕಟಕಟ ಎಂದವು. ಮಗು ಅಳುತ್ತಾ, “ಅಪ್ಪಾ, ನಾನು ತಪ್ಪಾಗಿ ಕಟ್ಟಿದೆನಾ?” ಎಂದು ಕೇಳಿತಂತೆ.

ಮರುದಿನ ಆ ಶೂ ನಮ್ಮ ಕಾರ್ಯಾಗಾರಕ್ಕೆ ಬಂತು. ಮತ್ತೆ ಮನೆಗೆ ಹೋಗಲೇ ಇಲ್ಲ. ಜೋಡಿಯ ಇನ್ನೊಂದು ಎಲ್ಲಿ ಹೋಯಿತೆಂದು ಅಕ್ಕ ಎಷ್ಟೋ ದಿನ ಮಂಚದ ಕೆಳಗೆಲ್ಲ ಹುಡುಕಿದರಂತೆ. ಅಂದಿನಿಂದ ಪ್ರತಿ ಮಾದರಿಗೂ ಅದೇ ಪರೀಕ್ಷೆ. “ಪುಸ್ತಕದಲ್ಲಿ ಬರೆದಷ್ಟೇ ತೂಕ ಕಟ್ಟೋಕೆ ಮಗು ಏನು ಇಂಜಿನಿಯರಾ? ಕೈಗೆ ಸಿಕ್ಕಿದ್ದನ್ನ ಕಟ್ಟುತ್ತೆ” ಎನ್ನುತ್ತಿದ್ದರು. ನಮ್ಮಲ್ಲಿ ಯಾರೂ ‘ಮಾದರಿ ಸಿದ್ಧವಾಯಿತಾ’ ಎಂದು ಕೇಳುತ್ತಿರಲಿಲ್ಲ. ‘ಶೂ ಎತ್ತಿತಾ’ ಎಂದು ಕೇಳುತ್ತಿದ್ದೆವು.

ಕಚೇರಿಯ ಹಿಂದೆ ದೊಡ್ಡ ಕಟ್ಟಡ ಏಳುತ್ತಿತ್ತು. ಊಟದ ಡಬ್ಬಿ ಹಿಡಿದುಕೊಂಡೇ ಅಲ್ಲಿಗೆ ಹೋಗಿ ಕ್ರೇನು ನೋಡುತ್ತಾ ನಿಲ್ಲುತ್ತಿದ್ದರು. ಕ್ರೇನಿನ ಚಾಲಕ ರೇಗಿಸುತ್ತಿದ್ದ: “ಏನ್ ಸಾರ್, ಮಕ್ಕಳಾಟಕ್ಕೆ ನನ್ನ ಗಾಡೀನ ದೃಷ್ಟಿ ಬೀಳೋ ಹಾಗೆ ನೋಡ್ತೀರಲ್ಲ!” ಇವರು ಹೇಳಿದ್ದು: “ನಿನ್ನ ಕ್ರೇನು ಎತ್ತದಿದ್ರೆ ಮೇಸ್ತ್ರಿ ಬೈತಾನೆ. ನನ್ನ ಕ್ರೇನು ಎತ್ತದಿದ್ರೆ ಮಗು ಅಳುತ್ತೆ. ಯಾರ ಕೆಲಸ ಕಷ್ಟ, ನೀನೇ ಹೇಳು.”

ಈಗ ಈ ಮೇಜಿನ ಮೇಲಿರುವ ಹಳದಿ ಕ್ರೇನಿಗೆ ಬರುತ್ತೇನೆ. ಇದು ಅವರ ಕೊನೆಯ ಮಾದರಿ ಎಂದು ನಿಮಗೆ ಹೇಳಲಾಗಿದೆ. ಅರ್ಧ ಸತ್ಯ.

ಅವರು ಕಟ್ಟಿದ ಕ್ರೇನಿನಲ್ಲಿ ಗೇರುಗಳನ್ನು ಎರಡೂ ಕಡೆಯಿಂದ ಹಿಡಿಯುವ ಚೌಕಟ್ಟು ಇತ್ತು. ಬಾಗಿಲಿಗೆ ಮೇಲೊಂದು ಕೆಳಗೊಂದು ಕೀಲು ಇರುತ್ತದಲ್ಲ, ಹಾಗೆ. ಅದು ಶೂ ಎತ್ತಿತು. ನಾನೇ ನೋಡಿದ್ದೇನೆ, ಕೇಳಿದ್ದೇನೆ. ಆಮೇಲೆ ಒಂದು ಸಭೆ ನಡೆಯಿತು. ಮಾರಾಟ ವಿಭಾಗದವರು ಹೇಳಿದರು: “ಚೌಕಟ್ಟಿನ ತುಂಡುಗಳು ಉದ್ದ. ಪೆಟ್ಟಿಗೆ ಅಂಗಡಿ ಕಪಾಟಿನಿಂದ ಎರಡು ಬೆರಳು ಹೊರಗೆ ಬರುತ್ತೆ ಸಾರ್.”

“ಹಾಗಾದ್ರೆ ಕಪಾಟು ಬದಲಾಯಿಸೋಕೆ ಹೇಳಿ” ಎಂದರು ಕ್ರೇನ್ ಮಾವ.

“ತಮಾಷೆ ಮಾಡಬೇಡಿ ಸಾರ್. ಒಂದು ಕಡೆಯ ಚೌಕಟ್ಟು ತೆಗೆದ್ರೆ ಏನಾಗುತ್ತೆ? ನೋಡೋಕೆ ಅದೇ ಕ್ರೇನು. ಆಟಿಕೆ ತಾನೇ?”

ಕ್ರೇನ್ ಮಾವ ಆ ದಿನ ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. “ಒಂದು ಕಡೆ ತೆಗೆದ್ರೆ ಶೂ ಎತ್ತಲ್ಲ. ಎತ್ತದಿದ್ರೆ ಮಗು ನಿಮ್ಮನ್ನ ಬೈಯಲ್ಲ, ನನ್ನನ್ನೂ ಬೈಯಲ್ಲ. ತಾನೇ ತಪ್ಪು ಕಟ್ಟಿದೆ ಅಂದ್ಕೊಳ್ಳುತ್ತೆ. ಬಿಚ್ಚುತ್ತೆ, ಮತ್ತೆ ಕಟ್ಟುತ್ತೆ, ಮತ್ತೆ ಕಟಕಟ. ಆ ಪಾಪ ನನಗೆ ಬೇಡ. ನನ್ನ ಹೆಸರು ತೆಗೀರಿ” ಎಂದರು.

ನಮ್ಮ ಪೆಟ್ಟಿಗೆಗಳ ತಳದಲ್ಲಿ ಕಟ್ಟಿದವರ ಹೆಸರು ಇರುತ್ತದೆ. ಸಾಸಿವೆ ಕಾಳಿನಷ್ಟು ಅಕ್ಷರ. ಅದನ್ನು ತೆಗೆಯಲು ಕಂಪನಿ ಕೂಡಲೇ ಒಪ್ಪಿತು. ಚೌಕಟ್ಟನ್ನೂ ತೆಗೆಯಿತು. ಅದಾದ ಮೇಲೆ ಅವರು ಆಸ್ಪತ್ರೆ ಸೇರಿದರು. ನಾನು ನೋಡಲು ಹೋದಾಗ ಕಾಯಿಲೆಯ ಮಾತೇ ಇಲ್ಲ. “ಹೆಸರು ತೆಗೆದ್ರಾ?” ಎಂದು ಕೇಳಿದರು. “ತೆಗೆದ್ರು” ಎಂದೆ. “ಸದ್ಯ” ಎಂದು ಆ ಕಡೆ ಹೊರಳಿ ಮಲಗಿದರು. ಅವರೊಂದಿಗೆ ನನ್ನ ಕೊನೆಯ ಮಾತು ಅದು.

ಈಗ ಅವರಿಲ್ಲ. ಹೆಸರು ವಾಪಸು ಬಂದಿದೆ! ಇನ್ನೂ ಅಂಗಡಿಗೆ ಹೋಗದ ಮಾದರಿ ಪೆಟ್ಟಿಗೆಯ ಮುಂಭಾಗದಲ್ಲಿ, ಕುಂಬಳಕಾಯಿ ಗಾತ್ರದಲ್ಲಿ, ‘ಸ್ಮರಣಾರ್ಥ ಆವೃತ್ತಿ’ ಎಂಬ ಪಟ್ಟಿಯ ಜೊತೆ. ಒಳಗೆ ಅದೇ ಒಂದು ಕೀಲಿನ ಬಾಗಿಲು. ಸತ್ತವರು ಸಭೆಗೆ ಬಂದು ತಕರಾರು ಮಾಡುವುದಿಲ್ಲವಲ್ಲ. ಬದುಕಿದ್ದಾಗ ಅವರಲ್ಲಿ ಇರದಿದ್ದ ಒಂದೇ ಗುಣ ಅದು. ಈಗ ಅದೂ ಬಂದಿತೆಂದು ಕಂಪನಿಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ.

ಇದನ್ನು ಇಲ್ಲಿ ಹೇಳಬೇಕಿತ್ತೇ? ಬರುವ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ನನ್ನ ಸಿಟ್ಟಿನಲ್ಲಿ ದುಃಖ ಎಷ್ಟು, ಹಟ ಎಷ್ಟು, ನನಗೇ ತಿಳಿಯದು. ಅವರ ಪರವಾಗಿ ಮಾತಾಡು ಎಂದು ಅವರೇನೂ ನನಗೆ ಹೇಳಿ ಹೋಗಿಲ್ಲ. ಅದಕ್ಕೇ ನಿನ್ನೆ ಅಕ್ಕನ ಮನೆಗೆ ಹೋದೆ.

ಅಕ್ಕ ಹೇಳಿದರು: “ಆಫೀಸಿನವರು ಬಂದಿದ್ರು. ಎಲ್ಲಾ ಅಂಗಡೀಲೂ ಅವರ ಹೆಸರು ಕಾಣುತ್ತೆ ಅಂದ್ರು. ನನಗೆ ಖುಷಿ ಆಯ್ತಮ್ಮ. ಖುಷಿಪಟ್ಟಿದ್ದು ತಪ್ಪಾ?”

ತಪ್ಪಲ್ಲ ಅಕ್ಕ. ಇವತ್ತೂ ಎಲ್ಲರ ಎದುರು ಹೇಳುತ್ತೇನೆ, ತಪ್ಪಲ್ಲ. ಗಂಡನ ಹೆಸರನ್ನು ದೊಡ್ಡ ಅಕ್ಷರದಲ್ಲಿ ನೋಡುವ ಆಸೆಯನ್ನು ನಿಮ್ಮಿಂದ ಕಿತ್ತುಕೊಳ್ಳಲು ನಾನು ಯಾರು? ಆದರೂ ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಅವರು ಪೂರ್ತಿ ಕೇಳಿದರು. ಕೊನೆಗೆ, “ನನಗೆ ಗೇರು ಗೀರು ಅರ್ಥ ಆಗಲ್ಲ. ಕಟಕಟ ಅನ್ನುತ್ತೆ ಅಂತೀಯಲ್ಲ, ಅದನ್ನ ನನಗೆ ಕೇಳಿಸು. ಆಫೀಸಿನವರೂ ಇರಲಿ, ಎಲ್ಲರೂ ಇರಲಿ. ಕೇಳಿ ಆಮೇಲೆ ಹೇಳ್ತೀನಿ, ಹೆಸರು ಇರಬೇಕೋ ಬೇಡವೋ” ಎಂದರು.

ಅದಕ್ಕಾಗಿಯೇ ಈ ಕ್ರೇನು ಇಲ್ಲಿದೆ. ಕಂಪನಿಯ ಪೆಟ್ಟಿಗೆಯಿಂದಲೇ ತೆಗೆದು, ಕಂಪನಿ ಹೇಳಿದಂತೆಯೇ ಕಟ್ಟಿದ್ದೇನೆ. ಒಂದು ತುಂಡೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಿರ್ದೇಶಕರೇ, ಇದರ ಚಿತ್ರಪುಸ್ತಕ ಇನ್ನೂ ನನ್ನ ಮೇಜಿನ ಮೇಲಿದೆ. ಅಕ್ಕ ಬೇಡವೆಂದ ಮೇಲೂ ಆ ಹೆಸರು ಅಚ್ಚಾಗುವುದಾದರೆ, ಪುಸ್ತಕವನ್ನು ಬೇರೆ ಯಾರಾದರೂ ಮುಗಿಸಲಿ. ನಾನು ಮುಗಿಸುವುದಿಲ್ಲ. ನನ್ನ ಕೆಲಸ ಹೋದರೆ ಹೋಗಲಿ ಎಂದು ಧೈರ್ಯವಾಗಿ ಹೇಳುವ ಜಾತಿಯವಳಲ್ಲ ನಾನು. ಹೆದರಿಕೊಂಡೇ ಹೇಳುತ್ತಿದ್ದೇನೆ.

ಬಾ ಮಗಳೇ. ಕಾರ್ಯಾಗಾರದಿಂದ ನಿನ್ನೆ ನಾನು ತಂದುಕೊಟ್ಟ ಶೂ ತಂದಿದ್ದೀಯಲ್ಲ? — ಹಾಂ, ಕೊಕ್ಕೆಗೆ ಹಾಕು. ನೋಡಿ, ಲೇಸು ಕೂಡ ಹಾಗೇ ಇದೆ. ಅಪ್ಪ ಹಾಕಿದ ಗಂಟು.

ಇಂಥ ಸಭೆಯ ಕೊನೆಗೆ ಮೌನ ಆಚರಿಸುತ್ತೇವೆ. ಕ್ರೇನ್ ಮಾವನಿಗೆ ಮೌನವೆಂದರೆ ಮರ್ಯಾದೆಯಲ್ಲ, ಕಿವಿಗೊಡುವುದು. ಇವತ್ತು ಅವರ ಬದಲಿಗೆ ನಾವು ಕಿವಿಗೊಡೋಣ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಫೋನುಗಳನ್ನು ಆರಿಸಿ. ಬಾಗಿಲ ಬಳಿ ಇರುವವರು ಆ ಫ್ಯಾನನ್ನೂ ಆರಿಸಿ. ಅಕ್ಕ, ನೀವು ಸ್ವಲ್ಪ ಹತ್ತಿರ ಬನ್ನಿ — ಇಲ್ಲಿ, ಮೇಜಿನ ಪಕ್ಕಕ್ಕೆ.

ಎಲ್ಲರೂ ಕಣ್ಣು ಮುಚ್ಚಿ. ಮಗಳೇ, ಸ್ವಿಚ್ಚು ಒತ್ತು.

ಶ್ —