ಅರ್ಧಕ್ಕೇ ನಿಂತ ಕೈ

ಹಲೋ… ಯಾರು? ಯಾರು ಮಾತಾಡ್ತಿರೋದು?…

ಓ, ಡಾರಿಲ್. ನೀನಾ. ಕೋವಿ ಅಂಗಡಿಯಿಂದಲೇ ಮಾಡ್ತಿದ್ದೀಯಾ?… ಹಾಂ, ನಾನು ಓಕಿನೇ ಮಾತಾಡ್ತಿರೋದು. ದನಿ ಹಾಗಿದೆಯಾ? ಏನಿಲ್ಲ, ಈಗ ಎದ್ದೆ. ಮಿಲ್ಲಲ್ಲಿ ರಾತ್ರಿ ಪಾಳಿ ಅಲ್ವಾ, ಬಂದು ಮಲಗೋದೇ ಬೆಳಿಗ್ಗೆ ಎಂಟಕ್ಕೆ…

ಬಂತಾ? ಯಾವುದು?… ಹೌದು ಹೌದು, ನಾನೇ ತರಿಸು ಅಂದಿದ್ದು. ಸೆಮಿ ಆಟೊಮ್ಯಾಟಿಕ್ ಕೋವಿ. ಮರೆತಿಲ್ಲ… ಅಲ್ಲ, ಮರೆತಿದ್ದೆ. ಡಾರಿಲ್, ಅದು ಬೇಡ ಕಣೋ…

ಬೇಡ ಅಂದ್ರೆ ಬೇಡ. ಬೇರೆ ಯಾರಿಗಾದ್ರೂ ಕೊಟ್ಟುಬಿಡು…

ಇಲ್ಲಪ್ಪ, ಬೇರೆ ಅಂಗಡೀಲಿ ತಗೊಂಡಿಲ್ಲ. ಒಂದನೇ ಕ್ಲಾಸಿಂದ ನಿನ್ನ ಜೊತೆ ಏಗ್ತಿದ್ದೀನಿ, ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?… ಟ್ವೈಲಾನೂ ಬೇಡ ಅಂದಿಲ್ಲ. ನನ್ನ ಕೋವಿ ವಿಷಯಕ್ಕೆ ನನ್ನ ಹೆಂಡತಿ ಯಾವತ್ತು ತಲೆ ಹಾಕಿದ್ದಾಳೆ?…

ಗೊತ್ತು. ನೀನು ಹೇಳಿದ್ದೆಲ್ಲ ನೆನಪಿದೆ. ನಮ್ಮ ಕಣಿವೇಲಿ ಮೂರು ಮನೆಗೆ ಹಾಡಹಗಲೇ ಕಳ್ಳರು ನುಗ್ಗಿದ್ರು, ಒಬ್ಬ ಮುದುಕನ ತಲೆ ಒಡೆದ್ರು. ಹಗಲು ಹೊತ್ತು ಒಬ್ಬನೇ ಮಲಗೋನು ನಾನು. ಅಪ್ಪನ ಕಾಲದ ಪಂಪ್ ಕೋವಿ ಸಾಕು ಅಂತ ನಾನು, ಸಾಲದು ಅಂತ ನೀನು. ಹಾಂ… ಹಾಂ…

ಅದೇ ತಾನೇ? ಪಂಪ್ ಆದ್ರೆ ಪ್ರತಿ ಈಡಿಗೂ ಕೈಯಲ್ಲಿ ಪೂರ್ತಿ ಹಿಂದಕ್ಕೆ ಎಳೆದು ಪೂರ್ತಿ ಮುಂದಕ್ಕೆ ತಳ್ಳಬೇಕು. ಗಾಬರೀಲಿ ಅರ್ಧಕ್ಕೇ ಎಳೆದ್ರೆ ತೋಟಾ ಮೇಲೆ ಬರಲ್ಲ, ಟ್ರಿಗರ್ ಒತ್ತಿದ್ರೂ ಬರೀ ಟಕ್ ಅನ್ನುತ್ತೆ. ಸೆಮಿ ಆದ್ರೆ ಆ ಕೆಲಸ ಅದೇ ಮಾಡ್ಕೊಳ್ಳುತ್ತೆ, ಮನುಷ್ಯನ ತಪ್ಪಿಗೆ ಜಾಗವೇ ಇಲ್ಲ. ಹೀಗೇ ಅಂದೆ ಅಲ್ವಾ?…

ನಕ್ಕಿದ್ದೆ ನಾನು. ಮೂವತ್ತು ವರ್ಷ ಜಿಂಕೆ ಹೊಡೆದೋನು ಅರ್ಧಕ್ಕೆ ಎಳೀತೀನಾ ಅಂತ…

ಎಳೆದೆ ಕಣೋ. ಹೋದ ಮಂಗಳವಾರ…

ಇಲ್ಲ, ಕಳ್ಳ ಅಲ್ಲ… ಸ್ವಲ್ಪ ತಡಿ. ಒಲೆ ಮೇಲೆ ಕಾಳು ಬೇಯ್ತಿದೆ, ಉರಿ ಸಣ್ಣ ಮಾಡಿ ಬರ್ತೀನಿ… ಹಾಂ. ಹೇಳು…

ಅಲ್ವಾ, ನಾನೇ ಹೇಳ್ಬೇಕು. ಮಂಗಳವಾರ ಮಧ್ಯಾಹ್ನ ಹಿಮ ಜೋರಾಯ್ತಲ್ಲ, ಶಾಲೆ ಬೇಗ ಬಿಟ್ರು. ಶಾಲೆಯಿಂದ ಫೋನೂ ಮಾಡಿದ್ರಂತೆ. ನಿದ್ದೆ ಕೆಡುತ್ತೆ ಅಂತ ನಾನು ವೈರ್ ಕಿತ್ತಿಟ್ಟಿದ್ದೆ. ಹಿಂಬಾಗಿಲು ಹಿಮಗಟ್ಟಿ ಕಚ್ಕೊಂಡಿತ್ತು. ಯಾರೋ ಭುಜ ಕೊಟ್ಟು ಗುದ್ದೋದು ಕೇಳಿಸ್ತು. ಒಂದು ಸಲ, ಎರಡು ಸಲ. ಹಾಸಿಗೆ ಪಕ್ಕದ ಕೋವಿ ತಗೊಂಡು ಪಂಪ್ ಎಳೆದೆ…

ಹೌದು. ಕೆಲ್ಸಿ. ನನ್ನ ಮಗಳೇ…

ಪಂಪ್ ಎಳೆದ ಸದ್ದಿಗೇ ಕಳ್ಳ ಓಡ್ತಾನೆ ಅಂತಾರಲ್ಲ ಎಲ್ಲರೂ. ಕಳ್ಳ ಓಡ್ತಾನೋ ಏನೋ. ಅವಳು ಹುಟ್ಟಿದಾಗಿಂದ ಆ ಸದ್ದು ಕೇಳಿದ್ದಾಳೆ. ಅಪ್ಪ ಎದ್ದಿದ್ದಾನೆ, ಕೋವಿ ಒರೆಸ್ತಿದ್ದಾನೆ ಅಂದ್ಕೊಂಡಿರ್ಬೇಕು, ನೇರ ನನ್ನ ಕೋಣೆಗೇ ಬಂದ್ಲು. ಕಿಟಕಿಗೆ ಕಂಬಳಿ ಹೊಡೆದಿದ್ದೆ, ಒಳಗೆಲ್ಲ ಕತ್ತಲೆ. ಬಾಗಿಲಲ್ಲಿ ಕೋಟು, ಟೋಪಿ, ಅಷ್ಟೇ ಕಂಡಿದ್ದು…

ಇಲ್ಲ, ಕೂಗಲಿಲ್ಲ. ಯಾರು ಅಂತ ಕೇಳಲೇ ಇಲ್ಲ ನಾನು…

ಒತ್ತಿದೆ, ಡಾರಿಲ್. ಟ್ರಿಗರ್ ಒತ್ತಿದೆ. ಟಕ್ ಅಂತು…

ಇದೀನಿ, ಇದೀನಿ. ಆಮೇಲೆ ಅಪ್ಪಾ ಅಂದ್ಲು, ಆಗ ಗೊತ್ತಾಯ್ತು ಯಾರು ಅಂತ…

ಅಳು ಬರಲಿಲ್ಲ. ಕೋವಿ ಗೋಡೆಗೆ ಒರಗಿಸಿದೆ, ಅವಳಿಗೆ ಹಾಲು ಬಿಸಿ ಮಾಡಿ ಕೊಟ್ಟೆ. ಸಂಜೆ ಕೆಲಸಕ್ಕೂ ಹೋದೆ. ಆವತ್ತಿಂದ ಹೀಗೇ ಇದೀನಿ. ಈ ಮೈ ಯಾರದೋ ಅನ್ನೋ ಹಾಗೆ. ಉಂಡಿದ್ದು ಗೊತ್ತಾಗಲ್ಲ, ಮಲಗಿದ್ದು ಗೊತ್ತಾಗಲ್ಲ…

ದೇವರು ದೊಡ್ಡವನಾ? ಹಾಂ, ಪಾಸ್ಟರೂ ಅದನ್ನೇ ಅಂದ್ರು. ಅವರಿಗೆ ಗೊತ್ತಿರೋ ಕಥೆ ಬೇರೆ. ಅಪ್ಪ ಕೋವಿ ಎತ್ತಿದ, ಮಗಳ ಮುಖ ನೋಡಿ ತಕ್ಷಣ ಇಳಿಸಿದ, ಅಂತ. ಟ್ವೈಲಾ ಕೂಡ ಹಾಗೇ ತಿಳ್ಕೊಂಡಿದ್ದಾಳೆ. ನನ್ನ ಕೈ ಹಿಡ್ಕೊಂಡು ಅತ್ತಳು. ಇವನ ಕಣ್ಣು ಅಷ್ಟು ಚುರುಕು ಅಂತ ಸಿಕ್ಕಿದವರಿಗೆಲ್ಲ ಹೇಳ್ತಾಳೆ. ನಾನು ಅಲ್ಲ ಅನ್ನಲಿಲ್ಲ…

ಯಾರಿಗೂ ಹೇಳಿಲ್ಲ. ನಿನಗೇ ಮೊದಲು…

ಕೆಲ್ಸಿಗಾ?… ಅದೇ ತಿಳೀತಿಲ್ಲ ಮಾರಾಯ. ಬೇಟೆ ಕಲಿಸೋ ಕ್ಲಾಸಲ್ಲಿ ಅವಳೇ ಫಸ್ಟ್ ಬಂದೋಳು, ನೀನೇ ಅಲ್ವಾ ಪಾಠ ಮಾಡಿದ್ದು? ಆ ಟಕ್ ಅಂದ್ರೆ ಏನು ಅಂತ ಅವಳಿಗೆ ಗೊತ್ತಿರಲ್ವಾ? ಆದ್ರೆ ಒಂದು ಮಾತಾಡಿಲ್ಲ. ನಗ್ತಾಳೆ, ಉಣ್ತಾಳೆ, ಹೋಮ್‌ವರ್ಕ್ ಮಾಡ್ತಾಳೆ. ಈಗ ಪ್ರತಿ ಬಾಗಿಲೂ ತಟ್ಟುತ್ತಾಳೆ, ಅಷ್ಟೇ. ಅಡುಗೆಮನೆಗೆ ಬರೋಕೂ ಹೊರಗೇ ನಿಂತು, ಅಪ್ಪಾ, ನಾನು ಕೆಲ್ಸಿ, ಒಳಗೆ ಬರಲಾ ಅಂತಾಳೆ. ಹದಿನಾರು ವರ್ಷದ ಹುಡುಗಿ, ತನ್ನದೇ ಮನೇಲಿ. ಮಗಳಿಗೆ ಈಗ ನಡತೆ ಬಂತು ಅಂತ ಟ್ವೈಲಾಗೆ ಖುಷಿ…

ಅದಕ್ಕೇ ಬೇಡ ಅಂದಿದ್ದು. ನಿನ್ನ ಸೆಮಿ ಹೋದ ವಾರವೇ ಬಂದಿದ್ರೆ? ಅದು ತಪ್ಪು ಮಾಡಲ್ಲ ಅಲ್ವಾ? ಮಾಡಲ್ಲ ಅಂತ ನೀನೇ ಹೇಳಿದ್ದೆ ಅಲ್ವಾ?…

ನಿನ್ನ ಬೈತಿಲ್ಲ ಕಣೋ. ಯಾರನ್ನೂ ಬೈತಿಲ್ಲ…

ಪಂಪೂ ಬೇಡ. ಬಂದು ಅದನ್ನೂ ತಗೊಂಡು ಹೋಗು… ವೆಸ್ಟ್ ವರ್ಜೀನಿಯಾದಲ್ಲಿ ಕೋವಿ ಇಲ್ಲದ ಮನೆ ಇರಲ್ಲ ಅಂತೀಯಾ? ಇನ್ನು ಮೇಲೆ ಒಂದು ಇರುತ್ತೆ ಬಿಡು. ಕಳ್ಳ ಬಂದ್ರೆ ಟಿವಿ ಹೊತ್ಕೊಂಡು ಹೋಗ್ಲಿ…

ಹೇಳ್ಬೇಕಾ? ಅವಳಿಗಾ?… ಯಾವ ಬಾಯಲ್ಲಿ ಹೇಳ್ಲಿ, ಡಾರಿಲ್? ಮಗಳೇ, ನಿನ್ನ ಕೊಂದೇಬಿಟ್ಟಿದ್ದೆ ಅಂತಾನಾ?…

ತಡಿ. ಬಾಗಿಲು… ಬಾ ಮಗಳೇ. ತಟ್ಟಬೇಡ ಅಂತ ಎಷ್ಟು ಸಲ… ಬಾ, ಇಲ್ಲಿ ಕೂತ್ಕೋ. ಡಾರಿಲ್ ಮಾಮ ಫೋನಲ್ಲಿದ್ದಾನೆ…

ಇರು ಡಾರಿಲ್, ಇಡಬೇಡ. ಕೆಲ್ಸಿ, ಆವತ್ತು ನಾನು ನಿನ್ನ ಗುರ್ತು ಹಿಡೀಲಿಲ್ಲ ಕಣಮ್ಮ. ಕೋವಿ ಇಳಿಸಲಿಲ್ಲ. ಒತ್ತಿದೆ. ಗುಂಡು ಹಾರಲಿಲ್ಲ, ಅಷ್ಟೇ…

ಆ ಟಕ್ ಕೇಳಿಸ್ತಾ? ಆವತ್ತೇ ಗೊತ್ತಾಯ್ತಾ?…

ಮತ್ತೆ ಅಮ್ಮನಿಗೆ… ಅಪ್ಪ ತಕ್ಷಣ ಗುರ್ತು ಹಿಡಿದ ಅಂತ ಹೇಳಿದ್ದು ನೀನಾ? ಪಾಸ್ಟರಿಗೂ?… ಯಾಕಮ್ಮಾ, ಯಾಕೆ ಹಾಗೆ ಹೇಳಿದೆ? ನನ್ನ ಮಾನ ಉಳಿಸೋಕಾ?…