ಗೇಟಿನ ಕುರ್ಚಿ

…ಅಲ್ಲೋ ಯಮನೂರಸಾಬ, ನಗತೀ ಯಾಕ? ಗೇಟ್ ತಗಿ ಅಂದ್ರ ನಗತಾನ ನೋಡು! ನಾನಪಾ, ಗೋವಿಂದರಾಜ! ಹೋದ ತಿಂಗಳ ತನಕಾ ಈ ಅಕ್ಕಿ ಮಿಲ್ಲಿನ ಆಪರೇಷನ್ಸ್ ಹೆಡ್. ನನ್ನ ಕಾರು ಕಂಡ್ರ ಸಾಕು, ದೂರದಿಂದನ ಗೇಟ್ ತಗದು ಸಲಾಮ್ ಹೊಡೀತಿದ್ದಿ. ಈಗ ಸರಳು ಹಿಡಕೊಂಡು ನಿಂತೀ.

ಏನದು, ಬೋರ್ಡ್ ತೋರಸ್ತೀ? 'ಪಾಸ್ ಇಲ್ಲದವರಿಗೆ ಪ್ರವೇಶವಿಲ್ಲ.' ಅದನ್ನ ಬರಸಿದಾಂವ ನಾನ ಅಲ್ಲೇನು! ಧಣ್ಯಾರ ತಮ್ಮ ಬಂದ್ರೂ ಬಿಡಬ್ಯಾಡ ಅಂದಿದ್ದೆ… ಹೌದು, ಅಂದಿದ್ದೆ. ಅದು ಬ್ಯಾರೆ ಮಾತು. ಇವತ್ತು ಧಣ್ಯಾರ ಕರದಾರ. ಮುಂಜಾನೆ ಖುದ್ದು ಫೋನ್ ಮಾಡಿದ್ರು. 'ಗೋವಿಂದರಾಜ, ನೀ ಇಲ್ಲದ ನಡಿಯಂಗಿಲ್ಲ, ಲಗೂನ ಬಾ' ಅಂದ್ರು.

ನೋಡಲ್ಲೆ. ಕನಕಗಿರಿ ರಸ್ತೆ ತನಕಾ ಲಾರಿ ನಿಂತಾವ. ಯಾಕ ನಿಂತಾವ ಹೇಳು? ಮೊಹರಂ ಬಂದ್ರ ನಮ್ಮ ಹಮಾಲರು, ನಿಮ್ಮವರು, ನಮ್ಮವರು, ಎಲ್ಲಾರೂ ಮೂಟಿ ಒಗದು ಊರಿಗೆ ಓಡತಾರ. ಅಲಾಯಿ ದೇವರ ಬೆಂಕಿ ಕುಣಿ ಸುತ್ತ ಹೆಜ್ಜಿ ಹಾಕಬೇಕಲ್ಲ! ಗಂಗಾವತಿ ಕೂಸಿಗೂ ಇದು ಗೊತ್ತೈತಿ. ನನ್ನ ಜಾಗಾಕ ಬಂದಾನಲ್ಲ ಪ್ರವೀಣಕುಮಾರ, ಅಂವಗ ಮಾತ್ರ ಗೊತ್ತಿಲ್ಲ! ಕಂಪ್ಯೂಟರ್ ನೋಡಿ ಎಲ್ಲಾ ಲಾರಿ ಹಬ್ಬದಾಗನ ಕರಸ್ಯಾನ. ಸಪ್ಲೈ ಚೈನ್ ಅಂತ! ಅದಕ್ಕೊಂದು ದೊಡ್ಡ ಡಿಗ್ರಿ ಬ್ಯಾರೆ!

ನಾ ಇದ್ದಾಗ ಹಿಂಗ ಆಗಿತ್ತೇನು? ಅರ್ಧಾ ಮಂದೀನ ಹೆದರಿಸಿ ಹಿಡದು ನಿಂದರಸ್ತಿದ್ದೆ. 'ಹಬ್ಬ ಅಂತ ಹೋದ್ರ ಮತ್ತ ಈ ಗೇಟಿನೊಳಗ ಬರಬ್ಯಾಡ್ರಿ' ಅಂತಿದ್ದೆ. ಬಾಯಿ ಮುಚಗೊಂಡು ಮೂಟಿ ಹೊರತಿದ್ರು.

ತೊಂಬತ್ತೇಳರಾಗ ಯಲಬುರ್ಗಾದಿಂದ ಬಸ್ ಹತ್ತಿ ಬಂದಾಗ ನಾನೇನಿದ್ದೆ? ಇದ ಗೇಟಿನ್ಯಾಗ ಮೂಟಿ ಎಣಿಸಾಂವ. ಯಮನೂರಣ್ಣ, ಯಮನೂರಣ್ಣ ಅಂತ ನಿನ್ನ ಹಿಂದ ತಿರಗತಿದ್ದೆ. ನೀ ಚಾ ಕುಡಸ್ತಿದ್ದಿ. ಅಲ್ಲಿಂದ ಗೋದಾಮು, ಆಮ್ಯಾಲ ಲಾರಿ, ಆಮ್ಯಾಲ ಮೂರೂ ಮಿಲ್ಲು ನನ್ನ ಕೈಯಾಗ. ನಾ ಹೂಂ ಅನ್ನದ ಒಂದು ಗಾಲಿ ಉರುಳಿಲ್ಲ. ಮಗಳು ಅಂಜಲಿ ನಿಶ್ಚಯದಾಗೂ ಮೂಲ್ಯಾಗ ನಿಂತು ಫೋನಿನ್ಯಾಗ ಲಾರಿ ಹಚ್ಚೀನಿ. ಕೆಟ್ಟಾಂವ ಅನಿಸಿಕೊಂಡೀನಿ. ಯಾರ ಸಲುವಾಗಿ? ಈ ಮಿಲ್ಲಿನ ಸಲುವಾಗಿ! ಕಡೀಕ ಏನು ಕೊಟ್ರು? ಒಂದು ಶಾಲು, ಒಂದು ಹಾರ. 'ಇನ್ನ ವಿಶ್ರಾಂತಿ ತಗೋರಿ' ಅಂದ್ರು. ಹೊಟ್ಟಿ ಉರಿತೈತೋ, ಭಾಳ ಉರಿತೈತಿ…

ತಗಿ ಅಂದ್ನಲ್ಲ! ಏ… ಯಾವುದದು ಟೆಂಪೋ? ಹಮಾಲರು! ಮುಂದ ಕುಂತಾಂವ ಪ್ರವೀಣಕುಮಾರ ಅಲ್ಲೇನು? ಅವರ ಊರಿಗೇ ಹೋಗಿದ್ನಾ ಇಂವಾ? ಕೈಯಾಗೇನು… ಚೊಂಗೆ. ಅಲಾಯಿ ದೇವರಿಗೆ ಮಾಡಿದ ಸಿಹಿ ರೊಟ್ಟಿ. ಅವರು ಕೊಡತಾರ, ಇಂವಾ ತಿಂತಾನ, ಎಲ್ಲಾರೂ ನಗಾಕತ್ಯಾರ. ಇಷ್ಟು ವರ್ಷದಾಗ ನನಗ ಒಬ್ಬಾಂವನೂ ಒಂದು ತುಣುಕು ಕೊಡಲಿಲ್ಲ ನೋಡು.

ಅವರಿಗೆ ಗೇಟ್ ತಗದಿ. ತಗದು ಮತ್ತ ಹಾಕಿದಿ!

ಆ ಕಡೆ ಲಾರಿ ಗೇಟಿನ್ಯಾಗ ಮೊದಲನೇ ಲಾರಿ ಒಳಗ ಹೋತು. ಅದರ ಹಿಂದಿಂದೂ ಹೊಂಟೈತಿ… ಸಾಲು ಕರಗಾಕತ್ತೈತಿ. ನಾ ಇಲ್ಲದನ.

ಫೋನ್ ಯಾಕ ತಗದಿ? ಧಣ್ಯಾರಿಗೆ ಹಚ್ಚತೀ? ಹಚ್ಚು! ಹಚ್ಚು, ನನಗೇನು ಹೆದರಿಕಿ… ಏ, ಬ್ಯಾಡ. ಇಡು. ಇಡು ಅಂದೆ! ಅವರಿಗೆ ಯಾಕ ತ್ರಾಸು ಕೊಡೂದು…

ಹಂಗ ನೋಡಬ್ಯಾಡೋ. ಬೇಕಾದ್ರ ಬಯ್ಯಿ.

ಕುರ್ಚಿ ಯಾಕ ಈ ಕಡೆ ಸರಸ್ತೀ? ಇದು ಯಾವಾಗ ಬಂತಿಲ್ಲೆ? ಕುಂತ ವಾಚ್‌ಮನ್ ನಿದ್ದಿ ಹೊಡೀತಾನ ಅಂತ ನಿನ್ನ ಕುರ್ಚಿ ನಾನ ತಗಸಿದ್ನಲ್ಲ… ಆ ಪ್ರವೀಣಕುಮಾರ ಕೊಟ್ನೇನು?

ಯಮನೂರಣ್ಣ… ನನ್ನ ಯಾರೂ ಕರದಿಲ್ಲ ಅಂತ ನಿನಗ ಮೊದಲ ಗೊತ್ತಿತ್ತು. ಹೌದಿಲ್ಲೋ?

ಹಾಕು. ಇಲ್ಲೆ ಹಾಕು, ಗೇಟಿನ ಹೊರಗ. ಕಾಲು ಭಾಳ ನೋಯಾಕತ್ತಾವ.