ಹೊಸ ಡ್ರೈವರನ ರೇಡಿಯೊ

ಮಲೇಷ್ಯಾದ ಕ್ಲಾಂಗ್ ಬಂದರಿನ ವಾಹನ ಬಿಡಿಭಾಗದ ಅಂಗಡಿಗೆ ಸ್ಕೂಟರಿನ ಕನ್ನಡಿ ಕೊಳ್ಳಲು ಬಂದಿದ್ದ ಸುಫಿಯಾಳಿಗೆ ಬೆನ್ನ ಹಿಂದೆ ತನ್ನದೇ ಕನ್ನಡ ಕೇಳಿಸಿತು. ಲಾರಿ ಡ್ರೈವರುಗಳಿಬ್ಬರು ಲಾರಿಯಿಂದ ಲಾರಿಗೆ ಮಾತಾಡುವ ಸಿ.ಬಿ. ರೇಡಿಯೊ ಆರಿಸಿಕೊಳ್ಳುತ್ತಿದ್ದರು. ಇಲ್ಲಿ ಯಾರಿಗೆ ಅರ್ಥವಾದೀತು ಎಂಬ ಧೈರ್ಯದಲ್ಲಿ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಅವಳು ತಿರುಗಲಿಲ್ಲ.

“ಶಕೀಲ್ ಭಾಯ್, ಇದು ತುಂಬಾ ದೂರ ಕೇಳ್ಸತ್ತಂತೆ. ತಗೊಳ್ಲಾ?”

“ನಿಂಗ್ಯಾಕೋ ದೂರ, ಜೀವನ್? ಹೋದ್ವಾರ ನನ್ನ ಲಾರೀಲಿ ರೇಡಿಯೊ ಮೈಕ್ ಮೇಲೆ ಕೂತು, ಗುಂಡಿ ಒತ್ಕೊಂಡಿದ್ದೂ ಗೊತ್ತಿಲ್ದೆ ಹರಟಿದ್ಯಲ್ಲ, ದಾರಿಯೆಲ್ಲ ಕೇಳ್ತು.”

“ಕೇಳ್ಲಿ ಬಿಡಿ. ನಾನಾಡಿದ್ದು ಕನ್ನಡ. ಇಲ್ಲಿಯವರಿಗೇನು ತಿಳಿಯತ್ತೆ!”

“ನಿನ್ನ ಮಾವಂಗೆ ತಿಳಿಯತ್ತಲ್ಲ. ಅವತ್ತು ನಮ್ಮ ಹಿಂದೆ ಬರ್ತಿದ್ದ ಲಾರಿ ಅವರದೇ.”

ಜೀವನ್ ರೇಡಿಯೊ ಕೆಳಗಿಟ್ಟ.

“ಮಾವ ರಿವರ್ಸ್ ತಗೊಳ್ಳೋದ್ರೊಳಗೆ ಬಿರಿಯಾನಿ ದಮ್ ಆಗಿರತ್ತೆ ಅಂತ ನಾನಂದಿದ್ದು, ಅದೂ ಕೇಳಿಸ್ತಾ?”

“ಅದನ್ನೇ ಮಲಾಯ್ ಭಾಷೇಲಿ ಎಲ್ಲರಿಗೂ ಬಿಡಿಸಿ ಹೇಳಿದ್ರು.”

“ಅಯ್ಯೋ, ಈ ಕೆಲಸ ಕೊಡ್ಸಿದ್ದೇ ಅವರು! ಸೋಮವಾರ ಕೆಲಸಕ್ಕೆ ಬರ್ಬೇಡ ಅಂದ್ಬಿಟ್ರಾ?”

“ಛೇ, ಬರಲೇಬೇಕಂತೆ. ‘ನನ್ನಳಿಯ ಮೊದಲ ಸಲ ಕಂಟೇನರ್ ಲಾರಿ ರಿವರ್ಸ್ ತಗೊಳ್ತಾನೆ, ಎಲ್ಲರೂ ಯಾರ್ಡಿಗೆ ನೋಡೋಕೆ ಬನ್ನಿ’ ಅಂತ ರೇಡಿಯೊದಲ್ಲೇ ಕರೆದಿದ್ದಾರೆ. ನೋಡೋರಿಗೆ ತಿಂಡಿನೂ ಹೋಟೆಲಿಂದ ಟಪಾವ್ ಕಟ್ಟಿಸ್ಕೊಂಡು ಬರ್ತಾರಂತೆ.”

“ಎಷ್ಟು ಜನ ಬರಬಹುದು?”

“ರೇಡಿಯೊ ಇದ್ದೋರೆಲ್ಲ.”

ಜೀವನ್ ಅಂಗಡಿಯವನ ಕಡೆ ತಿರುಗಿ, ಲಾರಿಯ ಹಿಂಬದಿಗೆ ಹಾಕುವ ಕ್ಯಾಮೆರಾ ಎಲ್ಲಿದೆ ಎಂದು ಕೇಳಿದ. ಅವನು ತೋರಿಸಿದ ಮೂಲೆಗೆ ಇಬ್ಬರೂ ನಡೆದರು.